ಒಂಬತ್ತು ಸಾವಿರದೊಳಗೆ ಒಂದು ಕೋಳಿಗೂಡು

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಹಿತ್ತಿಲಿನಲ್ಲಿ ಈಗ ಹನ್ನೊಂದು ಹೇಂಟೆಗಳೂ ಒಂದು ಹುಂಜವೂ ಇವೆ. ಅವು ರಾತ್ರಿ ಮಲಗುವ ಗೂಡನ್ನು 2023ರ ಫೆಬ್ರವರಿಯಲ್ಲಿ ನಾನೂ ನನ್ನ ಯಜಮಾನರೂ ಸೇರಿ, ಒಂದು ದಿನ ಗಾರೆಯವರ ಮತ್ತು ಒಂದು ದಿನ ಬಡಗಿಯವರ ನೆರವು ಪಡೆದು ಕಟ್ಟಿದೆವು. ಅದಕ್ಕೆ ತಗುಲಿದ ಒಟ್ಟು ವೆಚ್ಚ 8,908 ರೂಪಾಯಿ. ನೋಡಲು ಬಂದವರು ಅಳತೆ ಕೇಳುತ್ತಾರೆ, ಖರ್ಚು ಕೇಳುತ್ತಾರೆ, ಕೆಲವರು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಆದರೆ ಚಿತ್ರದಲ್ಲಿ ಕಾಣುವುದು ಹಳೆಯ ಹೆಂಚು ಮತ್ತು ಅಡಿಕೆ ದಬ್ಬೆ, ಅಂದರೆ ಅಡಿಕೆ ಮರವನ್ನು ಸೀಳಿದ ಪಟ್ಟಿ, ಮಾತ್ರ. ದುಡ್ಡನ್ನು ಎಲ್ಲಿ ಉಳಿಸಿದೆವು, ಎಲ್ಲಿ ಉಳಿಸಲು ಹೋಗಲಿಲ್ಲ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲವಾದ್ದರಿಂದ ಅದನ್ನು ವಿವರವಾಗಿ ಬರೆಯಬೇಕೆನಿಸಿತು.

ಇದು ನಮ್ಮ ಎರಡನೆಯ ಗೂಡು. ಮೊದಲನೆಯದನ್ನು 2022ರ ಮೇ ತಿಂಗಳಲ್ಲಿ 2,300 ರೂಪಾಯಿಯಲ್ಲಿ ಮುಗಿಸಿದ್ದೆವು. ಪ್ಯಾಕಿಂಗ್ ಪೆಟ್ಟಿಗೆಗಳ ಹಲಗೆ, ನಾಲ್ಕು ಅಡಿಕೆ ಮರದ ಕಂಬ, ಮೇಲೆ ನೀಲಿ ಟಾರ್ಪಾಲು, ಸುತ್ತಲೂ ಆರು ಮೂಲೆಯ ಕಣ್ಣಿನ ತೆಳು ಕೋಳಿ ಬಲೆ, ಬಾಗಿಲಿಗೆ ಚಿಲಕದ ಬದಲು ಒಂದು ತಂತಿಯ ಕೊಕ್ಕೆ. ಆಗಸ್ಟಿನ ಒಂದು ರಾತ್ರಿ ಹಂಚಿನ ಮೇಲೆ ಸುರಿಯುವ ಮಳೆಯ ಸದ್ದಿನಲ್ಲಿ ಬೇರೇನೂ ಕೇಳಿಸದಷ್ಟು ಜಡಿಮಳೆ. ಬೆಳಗ್ಗೆ ಹೋಗಿ ನೋಡಿದಾಗ ಹನ್ನೊಂದು ಕೋಳಿಗಳಲ್ಲಿ ಒಂಬತ್ತು ಸತ್ತು ಬಿದ್ದಿದ್ದವು. ಎಲ್ಲದರ ಕುತ್ತಿಗೆಯ ಬಳಿ ಹಲ್ಲಿನ ಗುರುತಿತ್ತು. ಎರಡನ್ನು ಬಿಟ್ಟರೆ ಉಳಿದವುಗಳನ್ನು ತಿಂದೇ ಇರಲಿಲ್ಲ. ಬುಡದಲ್ಲಿ ಬಲೆಯ ತಂತಿ ತುಕ್ಕು ಹಿಡಿದು ಬಿಚ್ಚಿಕೊಂಡ ಕಡೆ ಅಂಗೈ ಅಗಲದ ಸಂದಿ ಇತ್ತು. ಕೆಸರಿನಲ್ಲಿದ್ದ ಹೆಜ್ಜೆಗಳನ್ನು ನೋಡಿ ನಮ್ಮ ಅತ್ತೆಯವರು ಇದು ಕಬ್ಬೆಕ್ಕಿನ, ಅಂದರೆ ಮರ ಹತ್ತುವ ಬೆಕ್ಕಿನಂಥ ಕಾಡುಪ್ರಾಣಿಯ ಕೆಲಸ ಎಂದರು. ಮುಂಗುಸಿ ಹಗಲಿನ ಪ್ರಾಣಿ, ಕಬ್ಬೆಕ್ಕು ರಾತ್ರಿಯದು. ಆದ್ದರಿಂದ ಅವರ ಮಾತು ಸರಿಯೇ ಇರಬೇಕು.

ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣಿಸುವುದಿಲ್ಲವೆಂದೇ ಹೇಳಬೇಕು. ಹಗಲಿನಲ್ಲಿ ಹದ್ದಿನ ನೆರಳು ಬಿದ್ದರೂ ಕೂಗಿ ಪೊದೆಯೊಳಗೆ ನುಗ್ಗುವ ಹೇಂಟೆ ರಾತ್ರಿ ಪಕ್ಕದ ಕೋಳಿಯನ್ನು ಹಿಡಿದರೂ ಕೂತಲ್ಲೇ ಕೂತಿರುತ್ತದೆ. ಒಳಗೆ ನುಗ್ಗಿದ ಪ್ರಾಣಿ ಹೊಟ್ಟೆಗೆ ಬೇಕಾದದ್ದಕ್ಕಿಂತ ಹೆಚ್ಚು ಕೊಲ್ಲುವುದೂ ಇದೇ ಕಾರಣಕ್ಕೆ: ಕಾಡಿನಲ್ಲಿ ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ಓಡಿಹೋಗುತ್ತವೆ, ಗೂಡಿನಲ್ಲಿ ಯಾವುದೂ ಓಡುವುದಿಲ್ಲ. ಉರುಳು ಒಡ್ಡಿ ಹಿಡಿಯಿರಿ ಎಂದು ಸಲಹೆ ಕೊಟ್ಟವರೂ ಇದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಕಬ್ಬೆಕ್ಕು, ಪುನುಗಿನ ಬೆಕ್ಕು, ಮುಂಗುಸಿ ಎಲ್ಲವೂ ರಕ್ಷಿತ ಪ್ರಾಣಿಗಳು. ಕಾಯಿದೆಯ ಮಾತು ಹಾಗಿರಲಿ, ಕಾಡಿನ ಅಂಚಿನಲ್ಲಿ ಮನೆ ಮಾಡಿಕೊಂಡ ನಾವು ಅಲ್ಲಿ ಮೊದಲಿನಿಂದ ಇರುವ ಪ್ರಾಣಿಯ ಮೇಲೆ ತಪ್ಪು ಹೊರಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಗೂಡು ಭದ್ರವಾಗಿರದಿದ್ದದ್ದು ನಮ್ಮ ತಪ್ಪು. ಆಗ ಒಂದು ನಾಟಿ ಹೇಂಟೆಗೆ ಐನೂರು ರೂಪಾಯಿಯಂತೆ ಲೆಕ್ಕ ಹಾಕಿದರೂ ಒಂದೇ ರಾತ್ರಿಯಲ್ಲಿ ಹೋದದ್ದು 4,500 ರೂಪಾಯಿ. ಗೂಡಿನ ಬೆಲೆಯ ಸರಿಸುಮಾರು ಎರಡರಷ್ಟು.

ಉಳಿದ ಎರಡು ಹೇಂಟೆಗಳನ್ನು ಫೆಬ್ರವರಿಯವರೆಗೆ ಅತ್ತೆಯವರು ತಮ್ಮ ಕಾಲದ ರೀತಿಯಲ್ಲಿ, ಅಡುಗೆಮನೆಯ ಹಿಂಬದಿಯ ಜಗಲಿಯಲ್ಲಿ ಮಂಕರಿ ಕವುಚಿ, ಮೇಲೆ ಒರಳುಗಲ್ಲಿನ ಗುಂಡು ಹೇರಿ ಕಾಪಾಡಿದರು. ಎರಡು ಮೂರು ಕೋಳಿಗಳಿಗೆ ಇಂದಿಗೂ ಮಂಕರಿಗಿಂತ ಅಗ್ಗದ ಗೂಡು ಇಲ್ಲ. ಅಷ್ಟೇ ಸಾಕೆನ್ನುವವರು ಗೂಡು ಕಟ್ಟುವ ಗೋಜಿಗೆ ಹೋಗಬೇಕಾಗಿಲ್ಲ. ಆ ಆರು ತಿಂಗಳು ನಾನು ಊರಿನ ಮನೆಮನೆಯ ಗೂಡುಗಳನ್ನು ನೋಡುತ್ತಾ, ಎಲ್ಲಿ ಯಾವುದು ಯಾಕೆ ಕೆಟ್ಟಿತು ಎಂದು ಕೇಳುತ್ತಾ ಕಳೆದೆ. ಶಿವಮೊಗ್ಗದಲ್ಲಿ ಸಿದ್ಧ ಗೂಡನ್ನೂ ವಿಚಾರಿಸಿದೆ. ಕಬ್ಬಿಣದ ಚೌಕಟ್ಟಿನ, ಹತ್ತು ಕೋಳಿ ಹಿಡಿಯುವ ಗೂಡಿಗೆ ಹದಿನೆಂಟು ಸಾವಿರ ಹೇಳಿದರು. ಅದರ ತಗಡಿನ ಮಾಡು (ಛಾವಣಿ) ಬೇಸಿಗೆಯಲ್ಲಿ ಕಾಯುವುದನ್ನೂ, ಬಲೆಯ ಕಣ್ಣು ಒಂದು ಇಂಚಿಗಿಂತ ದೊಡ್ಡದಿರುವುದನ್ನೂ ನೋಡಿ, ಅಷ್ಟು ದುಡ್ಡು ಕೊಟ್ಟರೂ ನಮ್ಮ ಊರಿಗೆ ಇದು ಹೊಂದುವುದಿಲ್ಲವೆಂದು ಮರಳಿದೆವು.

ಜಾಗ ಆರಿಸುವುದರಲ್ಲಿಯೇ ಸಾಕಷ್ಟು ಚರ್ಚೆಯಾಯಿತು. ಬಾವಿಯಿಂದ ದೂರವಿರಬೇಕು, ನೀರು ಹರಿದುಹೋಗುವ ಇಳಿಜಾರಿರಬೇಕು, ರಾತ್ರಿ ಕೋಳಿ ಕೂಗಿದರೆ ಮನೆಯೊಳಗೆ ಕೇಳಿಸಬೇಕು. ಹಲಸಿನ ಮರದ ಕೆಳಗೆ ನೆರಳು ಚೆನ್ನಾಗಿದ್ದರೂ ಕೊಂಬೆ ಮಾಡಿನ ಮೇಲೆ ಬಾಗಿದ್ದರೆ ಮರ ಹತ್ತುವ ಪ್ರಾಣಿಗೆ ಅದೇ ದಾರಿಯಾಗುತ್ತದೆ, ಗಾಳಿಗೆ ಕೊಂಬೆ ಮುರಿದರೆ ಹೆಂಚೂ ಹೋಗುತ್ತದೆ. ಹೀಗಾಗಿ ಮರದಿಂದ ಹದಿನೈದು ಅಡಿ ದೂರದಲ್ಲಿ, ಮಧ್ಯಾಹ್ನ ಮೂರರ ನಂತರ ಮರದ ನೆರಳು ಬೀಳುವ ಕಡೆ ಗುರುತು ಹಾಕಿದೆವು. ಗೂಡಿನ ಉದ್ದ ಪೂರ್ವ-ಪಶ್ಚಿಮವಾಗಿರಬೇಕು, ಆಗ ಬಿಸಿಲು ಒಳಗೆ ಕಡಿಮೆ ಬೀಳುತ್ತದೆ ಎಂಬುದು ಕೋಳಿ ಸಾಕಣೆಯ ಕೈಪಿಡಿಗಳಲ್ಲಿ ಕಾಣುವ ನಿಯಮ. ಬಯಲುಸೀಮೆಗೆ ಅದು ಸರಿ. ಆಗುಂಬೆ ಇರುವ ತಾಲ್ಲೂಕಿನವರಾದ ನಮಗೆ ಬಿಸಿಲಿಗಿಂತ ಮಳೆಯ ಚಿಂತೆ ದೊಡ್ಡದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಚಲು ಬರುವುದು ನೈಋತ್ಯದಿಂದ. ಆದ್ದರಿಂದ ಬೆನ್ನನ್ನು ಪಶ್ಚಿಮಕ್ಕೂ ಮುಖವನ್ನು ಪೂರ್ವಕ್ಕೂ ಮಾಡಿ, ನಿಯಮವನ್ನು ಬಿಟ್ಟೆವು. ಬೆಳಗಿನ ಬಿಸಿಲು ನೇರವಾಗಿ ಒಳಗೆ ಬಿದ್ದು ನೆಲವನ್ನು ಒಣಗಿಸುವುದು ಈ ತೀರ್ಮಾನದಿಂದ ದೊರೆತ ಹೆಚ್ಚಿನ ಲಾಭ.

ಗೂಡು ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ಹಗಲೆಲ್ಲ ಹಿತ್ತಿಲಿನಲ್ಲಿ ಮೇಯುವ ಕೋಳಿಗೆ ರಾತ್ರಿ ಮಲಗಲು ತಲಾ ಎರಡು ಚದರ ಅಡಿ ಇದ್ದರೆ ಸಾಕು. ಇಪ್ಪತ್ತನಾಲ್ಕು ಚದರ ಅಡಿಗೆ ಹನ್ನೆರಡು ಕೋಳಿ. ಹಗಲೂ ಒಳಗೇ ಕೂಡಿಹಾಕುವವರಿಗೆ ಈ ಅಳತೆ ಸಾಲದು. ಮುಂಭಾಗದ ಎತ್ತರವನ್ನು ಮಾತ್ರ ಆರು ಅಡಿ ಇಡಬೇಕೆಂದು ನಾನು ಹಟ ಹಿಡಿದೆ. ಮೊದಲ ಗೂಡು ಸೊಂಟದೆತ್ತರಕ್ಕಿತ್ತು. ಅದನ್ನು ಗುಡಿಸಲು ಮಂಡಿಯೂರಿ ತಲೆ ತೂರಿಸಬೇಕಾಗಿತ್ತು, ಅದರಿಂದಾಗಿ ವಾರಕ್ಕೊಮ್ಮೆ ಮಾಡಬೇಕಾದ ಕೆಲಸ ತಿಂಗಳಿಗೆ ಹೋಗುತ್ತಿತ್ತು. ಬುಡದ ತಂತಿ ತುಕ್ಕು ಹಿಡಿದದ್ದು ನಮ್ಮ ಕಣ್ಣಿಗೆ ಬೀಳದೆ ಹೋದದ್ದೂ ಅದರಿಂದಲೇ. ನಿಂತು ಒಳಗೆ ಹೋಗಲು ಸಾಧ್ಯವಿರುವ ಗೂಡನ್ನು ಮನುಷ್ಯರು ದಿನವೂ ನೋಡುತ್ತಾರೆ.

ನೆಲದ ವಿಷಯದಲ್ಲಿ ಹೆಗ್ಗಣವನ್ನು ಮರೆಯುವಂತಿಲ್ಲ. ಹೆಗ್ಗಣ ಮೊಟ್ಟೆ ಮತ್ತು ಮರಿಗಳನ್ನು ಒಯ್ಯುತ್ತದೆ. ಅದು ತೋಡಿದ ಬಿಲದಲ್ಲೇ ಹಾವು ಬರುತ್ತದೆ. ಮೊದಲು ದಬ್ಬೆಗಳನ್ನೇ ಸಂದಿಬಿಟ್ಟು ಹಾಸಿ, ಕಂಬಗಳ ಮೇಲೆ ಎತ್ತರಿಸಿದ ಗೂಡು ಮಾಡೋಣವೆಂದುಕೊಂಡಿದ್ದೆವು. ಹಿಕ್ಕೆ ತಾನೇ ಕೆಳಗೆ ಬೀಳುತ್ತದೆ, ಖರ್ಚೂ ಕಡಿಮೆ. ಆದರೆ ಮಳೆಗಾಲದಲ್ಲಿ ಕೆಳಗಿನ ತೇವ ಸಂದಿಗಳಿಂದ ಮೇಲೇರುತ್ತದೆ, ದಬ್ಬೆ ಎರಡು ಮಳೆಗಾಲಕ್ಕೆ ಮೆತ್ತಗಾಗುತ್ತದೆ, ಹಂಚಿನ ಭಾರವನ್ನು ಹೊರಲು ಕಂಬಗಳೂ ದಪ್ಪವಿರಬೇಕು. ಕೊನೆಗೆ ಜಂಬಿಟ್ಟಿಗೆ ಕಲ್ಲಿನ ಎರಡು ವರಸೆ ಕಟ್ಟಿ ಕಟ್ಟೆ ಮಾಡಿದೆವು. ಮೂವತ್ತು ಕಲ್ಲು ಬೇಕಾಯಿತು. ಹದಿನೆಂಟು ಕಲ್ಲು ಕಾಂಪೌಂಡಿನ ಕೆಲಸದಲ್ಲಿ ಉಳಿದದ್ದಿತ್ತು, ಹನ್ನೆರಡನ್ನು ನಲವತ್ತೈದು ರೂಪಾಯಿಯಂತೆ ಕೊಂಡೆವು. ಒಳಗೆ ಮಣ್ಣು ತುಂಬಿ, ದಮ್ಮಸು ಬಡಿದು, ಮೇಲೆ ಎರಡು ಇಂಚು ದಪ್ಪದ ಕಾಂಕ್ರೀಟು. ನೆಲವನ್ನು ಬಾಗಿಲಿನ ಕಡೆಗೆ ಒಂದು ಇಂಚು ಇಳಿಜಾರು ಮಾಡಿಸಿದ್ದರಿಂದ ತೊಳೆದ ನೀರು ನಿಲ್ಲುವುದಿಲ್ಲ. ಸಿಮೆಂಟು ಎರಡು ಚೀಲ, ಜಲ್ಲಿ ಇನ್ನೂರು ರೂಪಾಯಿಯದು, ಮರಳು ಮನೆಯಲ್ಲೇ ಇತ್ತು. ಗಾರೆಯವರ ಒಂದು ದಿನದ ಕೂಲಿ ಸಾವಿರ. ಈ ಕಟ್ಟೆಯಿಂದಾಗಿ ಕಂಬಗಳು ಮಣ್ಣಿಗೆ ತಾಗುವುದಿಲ್ಲ, ಗೆದ್ದಲಿಗೆ ನೇರ ದಾರಿಯೂ ಇಲ್ಲ. ಕಂಬದ ಬುಡಕ್ಕೆ ಕಬ್ಬಿಣದ ಪಟ್ಟಿಯನ್ನು ಸಿಮೆಂಟಿನಲ್ಲಿ ಹೂತು, ಬೋಲ್ಟು ಹಾಕಿ ನಿಲ್ಲಿಸಿದ್ದೇವೆ.

ಉಳಿತಾಯವೆಲ್ಲ ಆದದ್ದು ಕಟ್ಟೆಯಿಂದ ಮೇಲಿನ ಭಾಗದಲ್ಲಿ. ಪಕ್ಕದ ಊರಿನಲ್ಲಿ ಹಳೆಯ ಕೊಟ್ಟಿಗೆಯೊಂದನ್ನು ಬಿಚ್ಚುತ್ತಿದ್ದಾರೆಂದು ತಿಳಿದು ಹೋಗಿ, ಕಂಬ, ಪಕಾಸು (ಮಾಡಿನ ಇಳಿಜಾರಿನ ತೊಲೆ), ರೀಪು (ಹೆಂಚು ಕೂರುವ ಅಡ್ಡಪಟ್ಟಿ) ಇವನ್ನು ಒಟ್ಟು ಏಳುನೂರಕ್ಕೂ, ನೂರಹತ್ತು ಮಂಗಳೂರು ಹೆಂಚುಗಳನ್ನು ಎಂಟು ರೂಪಾಯಿಯಂತೆಯೂ ತಂದೆವು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಈ ಹೆಂಚಿನ ಕಥೆ ಶುರುವಾಗುತ್ತದೆ. ಎಷ್ಟೋ ಮನೆಗಳು ಬಿದ್ದು ಎದ್ದರೂ ಅದೇ ಹೆಂಚು ಇನ್ನೊಂದು ಮಾಡಿಗೆ ಏರುತ್ತಿರುವುದನ್ನು ನಾವು ನೋಡುತ್ತಲೇ ಇದ್ದೇವೆ. ಕೊಳ್ಳುವಾಗ ಪ್ರತಿಯೊಂದನ್ನೂ ಬೆರಳಗೆಣ್ಣಿನಿಂದ ತಟ್ಟಿ ನೋಡಬೇಕು: ಗಟ್ಟಿ ಹೆಂಚು ಕಣಕಣ ಎನ್ನುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ತಗಡಿಗೆ ಹೋಲಿಸಿದರೆ ಹಂಚಿನ ಮಾಡು ಬೇಸಿಗೆಯಲ್ಲಿ ತಂಪು. ಹೆಂಚು ಹೆಂಚಿನ ನಡುವಿನ ಸಣ್ಣ ಸಂದುಗಳಿಂದ ಬಿಸಿ ಗಾಳಿ ಮೇಲೆ ಹೋಗುತ್ತದೆ, ಮಳೆಯ ಸದ್ದಿಗೆ ಕೋಳಿಗಳು ಬೆದರುವುದೂ ಇಲ್ಲ. ಅದರ ಕಷ್ಟವೆಂದರೆ ಭಾರ. ಒಂದಕ್ಕೆ ಸುಮಾರು ಎರಡೂವರೆ ಕಿಲೋ ಎಂದರೂ ನಮ್ಮ ಪುಟ್ಟ ಮಾಡಿನ ಮೇಲೆ ಇರುವುದು ಇನ್ನೂರೈವತ್ತು ಕಿಲೋಗಿಂತ ಹೆಚ್ಚು. ಆದ್ದರಿಂದಲೇ ಬಡಗಿಯವರನ್ನು ಕರೆಸಿದೆವು. ಮುಂದಿನ ಕಂಬ ಆರು ಅಡಿ, ಹಿಂದಿನ ಕಂಬ ಮೂರು ಮುಕ್ಕಾಲು ಅಡಿ ಇಟ್ಟು, ಒಂದೇ ಕಡೆಗೆ ಇಳಿಯುವ ಮಾಡನ್ನು ಅವರು ಒಂದು ದಿನದಲ್ಲಿ ಎತ್ತಿದರು. ಇಷ್ಟು ಇಳಿಜಾರಿಲ್ಲದೆ ಹೋದರೆ ಜೋರು ಮಳೆಯಲ್ಲಿ ಹಂಚಿನ ಕೂಡಿಕೆಯಲ್ಲಿ ನೀರು ಹಿಂದಕ್ಕೆ ಹತ್ತುತ್ತದೆ. ಸೂರನ್ನು ಪಶ್ಚಿಮಕ್ಕೆ ಎರಡು ಅಡಿ, ಉತ್ತರ ದಕ್ಷಿಣಗಳಿಗೆ ಒಂದೂವರೆ ಅಡಿ, ಪೂರ್ವಕ್ಕೆ ಒಂದು ಅಡಿ ಹೊರಚಾಚಿದ್ದೇವೆ. ಗೋಡೆಗೆ ಖರ್ಚು ಮಾಡುವ ಬದಲು ಸೂರಿಗೆ ನಾಲ್ಕು ಸಾಲು ಹೆಚ್ಚು ಹೆಂಚು ಹಾಕುವುದು ಮಲೆನಾಡಿನಲ್ಲಿ ಮೇಲೆಂಬುದು ನನ್ನ ಅನುಭವ.

ಕಂಬಗಳ ಹೊರಮೈಗೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಬಳಿದೆವು. ಅದು ಚರ್ಮಕ್ಕೆ ತಾಗಿದರೆ ಸುಟ್ಟ ಗಾಯವಾಗುತ್ತದೆ. ಕೈಚೀಲ ತೊಟ್ಟು, ಮುಖ ಮುಚ್ಚಿಕೊಂಡು ಬಳಿಯಬೇಕು, ಬಳಿದ ಮೇಲೆ ಎರಡು ಮೂರು ವಾರ ಒಣಗಲು ಬಿಡಬೇಕು. ಕೋಳಿ ಕೂರುವ ಅಡ್ಡೆಗಳಿಗೂ ಒಳಗಿನ ಮರಕ್ಕೂ ಅದನ್ನು ಸೋಂಕಿಸಿಲ್ಲ.

ಈಗ ಬಲೆಯ ವಿಷಯ. ಒಟ್ಟು ಖರ್ಚಿನಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಇದೊಂದಕ್ಕೇ ಹೋಗಿದೆ: ಅರ್ಧ ಇಂಚು ಕಣ್ಣಿನ, ಸತು ಲೇಪಿಸಿದ ವೆಲ್ಡ್ ಮೆಶ್ (ತಂತಿಗಳನ್ನು ಬೆಸೆದು ಮಾಡಿದ ಬಲೆ), ಮೂರು ಅಡಿ ಅಗಲದ್ದು ಮೂವತ್ತಮೂರು ಅಡಿ, ಅಡಿಗೆ ತೊಂಬತ್ತಾರು ರೂಪಾಯಿಯಂತೆ 3,168 ರೂಪಾಯಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೋಳಿ ಬಲೆ ಎಂದು ಕೇಳಿದರೆ ಕೊಡುವ ಆರು ಮೂಲೆಯ ಕಣ್ಣಿನ ತೆಳು ಬಲೆ ಇದರ ಬೆಲೆಯ ಒಂದು ಭಾಗಕ್ಕೆ ಸಿಗುತ್ತದೆ. ಕೋಳಿ ಹೊರಗೆ ಹೋಗದಂತೆ ತಡೆಯಲು ಅದು ಸಾಕು. ಹೊರಗಿನದು ಒಳಗೆ ಬರದಂತೆ ತಡೆಯಲು ಸಾಲದು. ನಾಯಿ ಹಲ್ಲಿನಿಂದ ಎಳೆದರೆ ಹರಿಯುತ್ತದೆ, ಹೆಣೆದ ತಂತಿಯಾದ್ದರಿಂದ ಒಂದು ಕಡೆ ತುಂಡಾದರೆ ಸಾಲಾಗಿ ಬಿಚ್ಚಿಕೊಳ್ಳುತ್ತದೆ. ವೆಲ್ಡ್ ಮೆಶ್‌ನಲ್ಲಿ ಒಂದು ಕೂಡಿಕೆ ಬಿಟ್ಟರೂ ಪಕ್ಕದ್ದು ಹಿಡಿದಿರುತ್ತದೆ. ಅರ್ಧ ಇಂಚಿನ ಕಣ್ಣಿನಲ್ಲಿ ಮುಂಗುಸಿಯ ಮೂತಿ ತೂರುವುದಿಲ್ಲ, ಹೆಗ್ಗಣ ನುಸುಳುವುದಿಲ್ಲ, ದೊಡ್ಡ ಹಾವುಗಳೂ ಬರಲಾರವು.

ಬಲೆಯನ್ನು ನಾಲ್ಕೂ ಕಡೆ ನೆಲದಿಂದ ಮಾಡಿನವರೆಗೆ ಹೊಡೆದಿದ್ದೇವೆ. ಕೆಳಗಿನ ಎರಡಡಿಗೆ ಮೂರು ಕಡೆಯೂ, ಪಶ್ಚಿಮಕ್ಕೆ ಪೂರ್ತಿಯಾಗಿಯೂ ಹೊರಗಿನಿಂದ ಅಡಿಕೆ ದಬ್ಬೆಯನ್ನು ನಿಲುವಾಗಿ ಜೋಡಿಸಿದ್ದೇವೆ. ದಬ್ಬೆ ಇರುವ ಕಡೆ ಬಲೆ ಬೇಡ, ಸಾವಿರ ರೂಪಾಯಿ ಉಳಿಯುತ್ತದೆ ಎಂದು ಯಜಮಾನರು ಒಂದು ಸಂಜೆ ಪೂರ್ತಿ ವಾದಿಸಿದರು. ಅತ್ತೆಯವರು ಕೇಳಿಸಿಕೊಂಡು, “ದಬ್ಬೆ ಮಳೆಗೆ, ಬಲೆ ಕಳ್ಳರಿಗೆ. ಒಂದರ ಕೆಲಸ ಇನ್ನೊಂದು ಮಾಡ್ತದಾ?” ಎಂದು ಕೇಳಿದ ಮೇಲೆ ವಾದ ಮುಗಿಯಿತು. ದಬ್ಬೆ ನಮ್ಮ ತೋಟದಲ್ಲೇ ಗಾಳಿಗೆ ಬಿದ್ದ ಮರಗಳದ್ದಾದ್ದರಿಂದ ಖರ್ಚಿಲ್ಲ. ಮೂರು ವರ್ಷಕ್ಕೊಮ್ಮೆ ಬದಲಾಯಿಸಿದರೂ ನಷ್ಟವಿಲ್ಲ. ಅಡ್ಡಲಾಗಿ ಹೊಡೆದರೆ ಪ್ರತಿ ದಬ್ಬೆಯ ಮೇಲಂಚಿನಲ್ಲಿ ನೀರು ನಿಂತು ಬೇಗ ಕೊಳೆಯುತ್ತದೆ, ನಿಲುವಾಗಿ ಹೊಡೆದರೆ ನಾರಿನ ಗುಂಟ ಇಳಿದುಹೋಗುತ್ತದೆ. ಬಲೆಯನ್ನು ಬರಿಯ ಯು ಮೊಳೆಯಿಂದ ಹೊಡೆದರೆ ಕ್ರಮೇಣ ಸಡಿಲವಾಗುತ್ತದೆ. ಮೊಳೆಯ ಜೊತೆಗೆ ಅಂಚಿನುದ್ದಕ್ಕೂ ಒಂದು ರೀಪಿನ ತುಂಡನ್ನು ಒತ್ತಿ ಸ್ಕ್ರೂ ಹಾಕಿದ್ದೇವೆ. ಎರಡು ತುಂಡು ಬಲೆ ಕೂಡುವಲ್ಲಿ ಮೂರು ಇಂಚು ಒಂದರ ಮೇಲೊಂದು ಬರುವಂತೆ ಮಾಡಿ ತಂತಿಯಿಂದ ಹೊಲಿದಿದ್ದೇನೆ. ಆ ಹೊಲಿಗೆಗೆ ಎರಡು ದಿನ ಹಿಡಿಯಿತು. ಮಾಡಿನ ಕೆಳಗೆ, ಪಕಾಸುಗಳ ನಡುವೆ ಉಳಿಯುವ ಸಂದುಗಳನ್ನು ಮರೆಯಬಾರದು. ಹತ್ತುವ ಪ್ರಾಣಿ ಮೊದಲು ನೋಡುವುದು ಅಲ್ಲಿಯೇ, ಕಟ್ಟಿದವರು ಕೊನೆಗೆ ನೋಡುವುದೂ ಅಲ್ಲಿಯೇ.

ಬಾಗಿಲಿಗೆ ಮೂರು ಕೀಲು, ಮೇಲೊಂದು ಕೆಳಗೊಂದು ಚಿಲಕ. ಒಂದೇ ಚಿಲಕ ನಡುವೆ ಹಾಕಿದರೆ ಮಳೆಗಾಲದಲ್ಲಿ ಮರ ಬಾಗಿ ಕೆಳಮೂಲೆ ಹೊರಕ್ಕೆ ಬರುತ್ತದೆ. ಬಾಗಿಲಿನ ಕೆಳಗಿನ ಸಂದಿನಲ್ಲಿ ನನ್ನ ಕಿರುಬೆರಳು ತೂರದಷ್ಟು ಬಿಗಿ ಬರುವವರೆಗೆ ಬಡಗಿಯವರಿಂದ ಮತ್ತೆ ಮತ್ತೆ ಕೀಸಿಸಿದೆ. ಕೀಲು, ಚಿಲಕ, ಸ್ಕ್ರೂ, ಮೊಳೆ, ಬೋಲ್ಟು ಎಲ್ಲಕ್ಕೂ ಸೇರಿ 620 ರೂಪಾಯಿ. ಮೊಟ್ಟೆ ತೆಗೆಯಲು ಹೊರಗಿನಿಂದ ಪುಟ್ಟ ಬಾಗಿಲು ಇಡಬಹುದಿತ್ತು, ಇಡಲಿಲ್ಲ. ರಾತ್ರಿ ಮುಚ್ಚಲು ನೆನಪಿಡಬೇಕಾದ ಬಾಗಿಲು ಒಂದೇ ಇರಲಿ ಎನಿಸಿತು.

ಗಾಳಿಯ ಬಗ್ಗೆ ಹೊಸಬರಿಗೆ ಒಂದು ಮಾತು ಹೇಳಬೇಕು. ಮಳೆ ಚಳಿಗೆ ಕೋಳಿ ನಡುಗುತ್ತದೆಂದು ಮರುಗಿ ಪ್ಲಾಸ್ಟಿಕ್ ಹೊದಿಸಿ ಗೂಡನ್ನು ಪೂರ್ತಿ ಮುಚ್ಚುವವರನ್ನು ಪ್ರತಿ ಮಳೆಗಾಲದಲ್ಲೂ ನೋಡುತ್ತೇನೆ. ಬೆಳೆದ ಕೋಳಿಗೆ ನಮ್ಮ ಕಡೆಯ ಚಳಿ ಏನೂ ಮಾಡುವುದಿಲ್ಲ, ಅದರ ಗರಿಯೇ ಅದಕ್ಕೆ ಕಂಬಳಿ. ತೇವ ಮತ್ತು ಹಿಕ್ಕೆಯಿಂದೇಳುವ ಅಮೋನಿಯಾ ಮಾತ್ರ ಅದರ ಉಸಿರನ್ನು ಕೆಡಿಸುತ್ತವೆ. ತೇವದ ನೆಲದಲ್ಲಿ ಎಳೆಯ ಕೋಳಿಗಳಿಗೆ ರಕ್ತಭೇದಿ ತಗುಲುತ್ತದೆ. ಬೆಳಗ್ಗೆ ಬಾಗಿಲು ತೆರೆದೊಡನೆ ಒಳಗೆ ಕುಳಿತು, ಕೋಳಿಯ ಎತ್ತರದಲ್ಲಿ ನಾಲ್ಕು ಬಾರಿ ಉಸಿರೆಳೆದು ನೋಡಿ. ಮೂಗು ಉರಿದರೆ, ಕಣ್ಣು ಚುರುಗುಟ್ಟಿದರೆ ಗಾಳಿ ಸಾಲದೆಂದು ಅರ್ಥ. ನಮ್ಮ ಗೂಡಿನಲ್ಲಿ ಪೂರ್ವ, ಉತ್ತರ, ದಕ್ಷಿಣಗಳ ಮೇಲಿನ ಭಾಗ ಮಳೆಗಾಲದಲ್ಲೂ ತೆರೆದೇ ಇರುತ್ತದೆ. ಕೋಳಿ ಕೂರುವ ಮಟ್ಟಕ್ಕೆ ನೇರವಾಗಿ ಗಾಳಿ ಬಡಿಯದಂತೆ ಪಶ್ಚಿಮದ ದಬ್ಬೆಯ ಗೋಡೆ ತಡೆಯುತ್ತದೆ. ಜುಲೈನಲ್ಲಿ ಎರಚಲು ಹೆಚ್ಚಾದಾಗ ದಕ್ಷಿಣಕ್ಕೆ ಮನೆಯ ಗೋಡೆಗೆ ಕಟ್ಟುವಂತೆಯೇ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತೇವೆ. ಪ್ಲಾಸ್ಟಿಕ್‌ನಂತಲ್ಲದೆ ಸೋಗೆ ನೀರನ್ನು ತಡೆದು ಗಾಳಿಯನ್ನು ಬಿಡುತ್ತದೆ.

ನೆಲಕ್ಕೆ ಮೂರು ಇಂಚು ಭತ್ತದ ಹೊಟ್ಟು. ರೈಸ್ ಮಿಲ್ಲಿನಲ್ಲಿ ಚೀಲ ತೆಗೆದುಕೊಂಡು ಹೋದರೆ ಬಹಳ ಅಗ್ಗಕ್ಕೆ ಸಿಗುತ್ತದೆ. ಎರಡು ದಿನಕ್ಕೊಮ್ಮೆ ಸಣ್ಣ ಕೈಗುದ್ದಲಿಯಿಂದ ಕೆದಕಿ ಮೇಲು ಕೆಳಗು ಮಾಡುತ್ತೇನೆ. ಒಂದು ಹಿಡಿ ಹೊಟ್ಟನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟಾಗ ಉದುರಿದರೆ ಸರಿಯಾಗಿದೆ. ಉಂಡೆಯಾಗಿ ನಿಂತರೆ ತೇವ ಹೆಚ್ಚಾಗಿದೆ, ಆಗ ಸ್ವಲ್ಪ ಸುಣ್ಣದ ಪುಡಿ ಬೆರೆಸಿ ಹೊಸ ಹೊಟ್ಟು ಸೇರಿಸಬೇಕು. ವರ್ಷಕ್ಕೆರಡು ಬಾರಿ ಪೂರ್ತಿ ತೆಗೆದು ಗೊಬ್ಬರದ ಗುಂಡಿಗೆ ಹಾಕುತ್ತೇವೆ. ಹಸಿ ಕೋಳಿಗೊಬ್ಬರವನ್ನು ನೇರವಾಗಿ ಬುಡಕ್ಕೆ ಹಾಕಿದರೆ ಗಿಡದ ಬೇರು ಸುಡುತ್ತದೆ. ಐದಾರು ತಿಂಗಳು ಕಳಿತ ಮೇಲೆ ಕಾಳುಮೆಣಸಿನ ಬಳ್ಳಿಗೆ ಅದನ್ನೇ ಕೊಡುತ್ತಿದ್ದೇವೆ.

ಕೋಳಿ ಕೂರುವ ಅಡ್ಡೆಗಳಿಗೆ ಮೊದಲು ಬಿದಿರು ಹಾಕಿದ್ದೆವು, ಅದು ತಪ್ಪಾಯಿತು. ಬಿದಿರು ನುಣುಪಾಗಿದ್ದು ಕಾಲು ಜಾರುತ್ತದೆ, ಟೊಳ್ಳಾದ ತುದಿಗಳಲ್ಲಿ ಕೆಂಪು ನುಸಿ ಮನೆಮಾಡುತ್ತದೆ. ಹಗಲು ಸಂದಿಗಳಲ್ಲಿ ಅಡಗಿ ರಾತ್ರಿ ಹೊರಬಂದು ರಕ್ತ ಹೀರುವ ಈ ಕ್ರಿಮಿಗಳಿಂದ ಕೋಳಿ ಸೊರಗಿ ಮೊಟ್ಟೆ ನಿಲ್ಲಿಸುತ್ತದೆ. ಈಗ ತೊಗಟೆ ಸುಲಿದ, ಎರಡು ಇಂಚು ದಪ್ಪದ ಸಿಲ್ವರ್ ಓಕ್ ಕೊಂಬೆಗಳಿವೆ. ಒಂದು ಕೋಳಿಗೆ ಒಂಬತ್ತು ಇಂಚಿನಂತೆ ಲೆಕ್ಕ ಹಾಕಿ, ಗೂಡಿನ ಉದ್ದಕ್ಕೆ ಎರಡು ಅಡ್ಡೆ. ಎರಡನ್ನೂ ಒಂದೇ ಎತ್ತರದಲ್ಲಿ ಇಟ್ಟಿದ್ದೇವೆ, ಒಂದು ಮೇಲಿದ್ದರೆ ಎಲ್ಲಕ್ಕೂ ಅದೇ ಬೇಕೆಂದು ಸಂಜೆ ಜಗಳವಾಗುತ್ತದೆ. ಕೊಕ್ಕೆಯಲ್ಲಿ ಕೂರಿಸಿರುವುದರಿಂದ ತೆಗೆದು ಬಿಸಿಲಿಗೆ ಇಡಬಹುದು. ನಮ್ಮಲ್ಲಿ ಏಳು ನಾಟಿ ಹೇಂಟೆಗಳ ಜೊತೆಗೆ ನಾಲ್ಕು ಸ್ವರ್ಣಧಾರಾ ಇವೆ. ಗಿರಿರಾಜದಂತೆ ಇದೂ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ, ಹಿತ್ತಿಲಿನ ಸಾಕಣೆಗೆಂದೇ ಬೆಳೆಸಿದ ತಳಿ. ನಾಟಿಗಿಂತ ಭಾರವಾದ್ದರಿಂದ ಅವು ಎತ್ತರಕ್ಕೆ ಹಾರಲಾರವು, ಎತ್ತರದಿಂದ ಜಿಗಿದರೆ ಕಾಲಿಗೆ ಪೆಟ್ಟಾಗುತ್ತದೆ. ಅವುಗಳಿಗಾಗಿ ಅಡ್ಡೆಯನ್ನು ಎರಡೂವರೆ ಅಡಿಗೆ ಇಳಿಸಿ, ಹತ್ತಿ ಇಳಿಯಲು ಒಂದು ಏಣಿಯಂಥ ಹಲಗೆ ಒರಗಿಸಿದ್ದೇವೆ.

ಮೊಟ್ಟೆಗೂಡುಗಳಿಗೆ ಹದಿನೈದು ಕಿಲೋದ ಎಣ್ಣೆ ಡಬ್ಬಗಳನ್ನು ಒಂದು ಬದಿ ಕತ್ತರಿಸಿ ಅಡ್ಡ ಮಲಗಿಸಿದ್ದು ನಾಟಿ ಹೇಂಟೆಗಳಿಗೆ ಸಾಕಾಯಿತು. ಕತ್ತರಿಸಿದ ಅಂಚನ್ನು ಒಳಕ್ಕೆ ಮಡಚಿ ಬಡಿಯದಿದ್ದರೆ ಕಾಲು ಕೊಯ್ಯುತ್ತದೆ. ಸ್ವರ್ಣಧಾರಾಗಳಿಗೆ ಅದು ಇಕ್ಕಟ್ಟಾದ್ದರಿಂದ ಮೊದಲ ಗೂಡಿನ ಹಲಗೆಗಳಿಂದಲೇ ಒಂದಡಿ ಚೌಕದ ಪೆಟ್ಟಿಗೆಯೊಂದನ್ನು ಮಾಡಿದೆ. ನಾಲ್ಕೈದು ಹೇಂಟೆಗೆ ಒಂದು ಮೊಟ್ಟೆಗೂಡು ಸಾಕು. ಅವು ಕತ್ತಲ ಮೂಲೆಯಲ್ಲಿರಬೇಕು, ಅಡ್ಡೆಗಿಂತ ಕೆಳಗಿರಬೇಕು. ಮೇಲಿದ್ದರೆ ಅಲ್ಲೇ ಮಲಗಿ ಹಿಕ್ಕೆ ಹಾಕಿ ಮೊಟ್ಟೆ ಕೊಳಕಾಗುತ್ತದೆ. ಕಾವಿಗೆ ಕೂತ ಹೇಂಟೆಯನ್ನು ಮಾತ್ರ ಅತ್ತೆಯವರು ಇಂದಿಗೂ ಒಳಗೆ ಬಿಡುವುದಿಲ್ಲ. ಬುಟ್ಟಿಗೆ ಮರಳು ಹಾಕಿ, ಮೇಲೆ ಹುಲ್ಲು ಹಾಸಿ, ಹನ್ನೆರಡು ಮೊಟ್ಟೆ ಇಟ್ಟು ಇಪ್ಪತ್ತೊಂದು ದಿನ ಜಗಲಿಯಲ್ಲೇ ಕೂರಿಸುತ್ತಾರೆ.

ಗೂಡು ಎಷ್ಟೇ ಭದ್ರವಾಗಿದ್ದರೂ ತಡೆಯದ ಕಳ್ಳನೊಂದಿದೆ, ಕೊಕ್ಕರೆ ರೋಗ. ರಾಣಿಖೇತ್ ಎಂದೂ ಕರೆಯುವ ಈ ರೋಗ ಬಂದ ಹಿತ್ತಿಲಿನಲ್ಲಿ ಹೆಚ್ಚು ಕೋಳಿ ಉಳಿಯುವುದಿಲ್ಲ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟಾ ಲಸಿಕೆ, ನಾಲ್ಕನೇ ವಾರದಲ್ಲಿ ಮತ್ತೊಮ್ಮೆ, ಎರಡು ತಿಂಗಳಾದ ಮೇಲೆ ಚುಚ್ಚುಮದ್ದು. ಲಸಿಕೆಯ ಬಾಟಲಿ ನೂರು ಕೋಳಿಗಾಗುವಷ್ಟಿರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೆ ಮಂಜುಗಡ್ಡೆಯಲ್ಲಿರಬೇಕು. ಹತ್ತು ಕೋಳಿಯವರೊಬ್ಬರೇ ತಂದರೆ ತೊಂಬತ್ತು ಪಾಲು ಚೆಲ್ಲಬೇಕಾಗುತ್ತದೆ. ನಮ್ಮ ಕೇರಿಯ ಎಂಟು ಮನೆಯವರು ಒಂದು ದಿನ ಗೊತ್ತುಮಾಡಿಕೊಂಡು, ಸಂಜೆ ಕೋಳಿಗಳು ಗೂಡು ಸೇರಿದ ಮೇಲೆ ಮನೆಯಿಂದ ಮನೆಗೆ ಹೋಗಿ ಹಾಕಿಸುತ್ತೇವೆ. ಗೂಡಿನ ಖರ್ಚಿನ ಲೆಕ್ಕ ಬರೆಯುವವರು ಇದನ್ನೂ ಅದರ ಪಕ್ಕದಲ್ಲೇ ಬರೆದುಕೊಳ್ಳಲಿ ಎಂದು ಇಲ್ಲಿ ಸೇರಿಸಿದೆ.

ಹೊಸ ಗೂಡಿಗೆ ಕೋಳಿಗಳನ್ನು ಬಿಟ್ಟ ಮೊದಲ ವಾರ ಹಗಲೂ ಒಳಗೇ ಇಟ್ಟು ಅಲ್ಲೇ ನೀರು ಮೇವು ಕೊಟ್ಟೆವು. ಎಂಟನೆಯ ದಿನ ಬಾಗಿಲು ತೆರೆದಾಗ ಹಿತ್ತಿಲೆಲ್ಲ ಸುತ್ತಿ, ಮುಸ್ಸಂಜೆಗೆ ಯಾರೂ ಅಟ್ಟದೆ ಸಾಲಾಗಿ ಬಂದು ಒಳಗೆ ಹೋದವು. ಅದನ್ನು ನೋಡಿ ನನಗೆ ಕಣ್ಣು ತುಂಬಿಬಂತು. ಈಗ ಮೇವಿನ ಪಾತ್ರೆಗಳು ರಾತ್ರಿ ಹೊರಗೇ ಇರುತ್ತವೆ, ಒಳಗೆ ಕಾಳು ಉಳಿದರೆ ಇಲಿಗೆ ಆಹ್ವಾನ ಕೊಟ್ಟಂತೆ.

ಎರಡು ಮಳೆಗಾಲ ಕಳೆದಿವೆ. 2024ರ ಜುಲೈನಲ್ಲಿ ಒಂದು ಬೆಳಗ್ಗೆ ಪಶ್ಚಿಮದ ದಬ್ಬೆಯ ಮೇಲೆ ಕೆಸರಿನ ಉಗುರು ಗೆರೆಗಳು ಮಾಡಿನವರೆಗೂ ಹೋಗಿದ್ದವು, ಪಕಾಸಿನ ಬಳಿಯ ಬಲೆಗೆ ನಾಲ್ಕು ಕೂದಲು ಅಂಟಿತ್ತು. ಒಳಗೆ ಹನ್ನೆರಡೂ ಕೋಳಿಗಳು ಅಡ್ಡೆಯ ಮೇಲೆ ಕೂತಿದ್ದವು. ಅಂದಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ಗೂಡಿನ ಸುತ್ತ ಒಂದು ಸುತ್ತು ಬಂದು, ಬುಡದ ಬಲೆಯನ್ನು ಅಂಗೈಯಿಂದ ಒತ್ತಿ ನೋಡುತ್ತೇನೆ. ದಕ್ಷಿಣದ ಮೂಲೆಯಲ್ಲಿ ಎರಡು ದಬ್ಬೆ ಮೆತ್ತಗಾಗಿವೆ, ಮೇ ಮುಗಿಯುವುದರೊಳಗೆ ಅವನ್ನು ಬದಲಾಯಿಸಬೇಕು. ಬಿದ್ದ ಮರವೊಂದನ್ನು ಸೀಳಿ ಕೊಟ್ಟಿಗೆಯ ಹಿಂದೆ ಒಣಗಲು ಇಟ್ಟಿದ್ದೇವೆ.